ಮುಚ್ಚಳದ ಮೇಲಿನ ಕೆಂಡ

ಮೊಮ್ಮಗಳ ಓವನ್ನಿನಲ್ಲಿ ಬ್ರೆಡ್ಡು, ಮೊಟ್ಟೆ ಸೀದ ವಾಸನೆ ಬಂದರೆ ಚಿನ್ನದ ಗಣಿಯೂರು ಮಾರಿಕುಪ್ಪಂನ ಆ ಬೆಳಗು ನೆನಪಾಗುತ್ತದೆ.

ಅವ್ವ ಬಿಳಿ ದೊರೆಗಳ ಬಂಗಲೆಯಲ್ಲಿ ಕೆಲಸಕ್ಕಿದ್ದಾಗ ಕಲಿತ ತಿಂಡಿ ಅದು. ಪಾತ್ರೆಗೆ ಬ್ರೆಡ್ಡು, ಮೊಟ್ಟೆ, ಹಾಲು, ಈರುಳ್ಳಿ ಹಾಕಿ ಒಲೆಗಿಟ್ಟು, ಮುಚ್ಚಳದ ಮೇಲೂ ಕೆಂಡ ಸುರಿಯುತ್ತಿದ್ದಳು. ಅಪ್ಪ ಗಣಿಯ ರಾತ್ರಿ ಪಾಳಿ ಮುಗಿಸಿ ಬಂದ ಮೇಲೇ ಮುಚ್ಚಳ ತೆಗೆಯುವುದು.

ಅವತ್ತು ಪಾಳಿಯವರು ಬಂದರು, ಅಪ್ಪ ಬರಲಿಲ್ಲ. ಕಲ್ಲು ಕುಸಿದಿದೆ, ಕೆಲವರು ಒಳಗೇ ಇದ್ದಾರೆ ಎಂದರು.

"ಸೀದೋಗ್ತೈತೆ, ಇಳಿಸಕ್ಕ," ಎಂದಳು ಪಕ್ಕದ ಮನೆಯವಳು.

"ಆಯಪ್ಪ ಬರ್ಲಿ," ಎಂದಳು ಅವ್ವ. ಕೆಂಡ ಆರಲು ಬಿಡಲಿಲ್ಲ.

ಬಿಸಿಲೇರಿದ ಮೇಲೆ ಅಪ್ಪ ಎಡಗೈಗೆ ಬಟ್ಟೆ ಸುತ್ತಿಕೊಂಡು ಬಂದ. ಒಂದು ತುತ್ತು ಬಾಯಿಗಿಟ್ಟು, "ಏನೇ, ಗಣಿ ಕಲ್ಲು ಸಾಲ್ದು ಅಂತ ಮನೇಲೂ ಕಲ್ಲೇ ಬೇಯ್ಸಿದ್ದೀಯಾ?" ಎಂದ.

"ಸುಮ್ಕೆ ತಿನ್ನು," ಎಂದಳು ಅವ್ವ. ಸೀದ ತಳವನ್ನೂ ಕೆರೆದು ಅವನ ತಟ್ಟೆಗೇ ಹಾಕಿದಳು. ನನಗೆ ಒಂದು ಚೂರೂ ಉಳಿಸಲಿಲ್ಲ.