ಮಧ್ಯದ ಕುರ್ಚಿ

ಯುಗಾದಿಯ ಒಬ್ಬಟ್ಟಿಗೆ ಅಮ್ಮ ಬೇಳೆಯ ಬದಲು ಕಾಯಿ ಹೂರಣ ಹಾಕಿದ್ದಕ್ಕೆ ಶುರುವಾದ ಜಗಳದಲ್ಲಿ ಅಪ್ಪ, ಅಮ್ಮ ಮಾತು ಬಿಟ್ಟಿದ್ದರು. ಗಣೇಶನ ಹಬ್ಬ ಕಳೆದರೂ ಅವರ ನಡುವಿನ ಮಾತೆಲ್ಲ ಹತ್ತನೇ ತರಗತಿಯ ಮಗಳ ಮೂಲಕವೇ ಹೋಗಿಬರುತ್ತಿತ್ತು.

ಆ ಭಾನುವಾರ ಬೆಳಿಗ್ಗೆ ತಿಂಡಿಗೆ ಅವಳು ಎಂದಿನಂತೆ ಇಬ್ಬರ ಮಧ್ಯದ ಕುರ್ಚಿಯಲ್ಲಿ ಕೂತಿದ್ದಳು. ಮೇಜಿನ ಕೆಳಗೆ ಬೆಕ್ಕು ಮಲಗಿತ್ತು.

“ನಿಮ್ಮಪ್ಪಂಗೆ ಹೇಳು, ಗ್ಯಾಸ್ ಖಾಲಿ ಆಗ್ತಾ ಬಂತು ಅಂತ.”

“ನಿಮ್ಮಮ್ಮಂಗೆ ಹೇಳು, ನಂಗೂ ಕಿವಿ ಇದೆ ಅಂತ.”

ಮಗಳು ತಟ್ಟೆ ತಳ್ಳಿ ಎದ್ದಳು.

“ನಾನೇನು ನಿಮ್ಮಿಬ್ಬರ ಪೋಸ್ಟ್‌ಮ್ಯಾನಾ? ಇನ್ಮೇಲೆ ನೀವೇ ಮಾತಾಡ್ಕೊಳ್ಳಿ. ಅಲ್ಲಿವರೆಗೂ ನಾನು ಏನೂ ತಿನ್ನಲ್ಲ!”

ಅವಳ ಕೋಣೆಯ ಬಾಗಿಲು ಧಡಾರನೆ ಮುಚ್ಚಿಕೊಂಡಿತು. ಒಳಗಿನಿಂದ ಬಾಗಿಲಿಗೆ ಕಿವಿಯಿಟ್ಟು ನಿಂತಳು. ಆಮೇಲೆ ಅಪ್ಪನ ದನಿ ಕೇಳಿಸಿತು.

“ಪಾಪ, ಮಗು ಉಪವಾಸ ಕೂತಿದೆ.”

“ಆ ಹಟ ಯಾರಿಂದ ಬಂತು ಅಂತ ಗೊತ್ತಲ್ಲ,” ಎಂದಳು ಅಮ್ಮ.

“ಆಯ್ತಪ್ಪಾ, ತಪ್ಪು ನಂದೇ. ಕಾಯಿ ಹೂರಣಾನೂ ಚೆನ್ನಾಗೇ ಇತ್ತು.”

ಅಮ್ಮ ನಕ್ಕದ್ದು ಕೇಳಿಸಿತು. ಯುಗಾದಿಯ ನಂತರ ಆ ಮನೆಯಲ್ಲಿ ಅವಳು ನಕ್ಕದ್ದು ಅದೇ ಮೊದಲು. ಮಗಳು ಕಣ್ಣೊರೆಸಿಕೊಂಡಳು. ಸಿಟ್ಟು ಮಾಡಿದ್ದು ಸಾರ್ಥಕವಾಯಿತು ಎನ್ನಿಸಿ, ಮೆಲ್ಲಗೆ ಬಾಗಿಲು ತೆರೆದಳು.

ಮಧ್ಯದ ಕುರ್ಚಿಯಲ್ಲಿ ಕೂತಿದ್ದ ಬೆಕ್ಕಿನ ತಲೆ ಸವರುತ್ತ ಅಮ್ಮ ಹೇಳುತ್ತಿದ್ದಳು: “ಅವರಿಗೆ ಹೇಳು, ಇನ್ನೊಂದು ದೋಸೆ ಹಾಕ್ತೀನಿ ಅಂತ.”