ದಾಕ್ಷಿಣ್ಯದ ನಿದ್ದೆ

ವಾರಿಜಮ್ಮನಿಗೆ ನೆಟ್ಟಗೆ ನಿದ್ದೆ ಬಂದು ವರ್ಷಗಳೇ ಆಗಿದ್ದವು. ಅದಕ್ಕಿಂತ ದೊಡ್ಡ ಸಂಕಟವೆಂದರೆ ಅದನ್ನು ಡಾಕ್ಟರಿಗೆ ಹೇಳುವುದು. ಪಾಪ, ಅವರು ಪ್ರತಿಸಲವೂ ಹೊಸ ಮಾತ್ರೆ ಬರೆದುಕೊಟ್ಟು ಆಸೆಯಿಂದ ಕಾಯುತ್ತಿದ್ದರು. ಇವಳು "ಇಲ್ಲ" ಅಂದಕೂಡಲೇ ಮುಖ ಬಾಡಿಸಿಕೊಳ್ಳುತ್ತಿದ್ದರು. ಅಷ್ಟು ಒಳ್ಳೊಳ್ಳೆ ಮಾತ್ರೆಗಳನ್ನು ಮಲಗಿದೊಡನೆ ಜೋರಾಗುವ ತನ್ನ ಹಾಳು ಎದೆಬಡಿತವೇ ಕೆಡಿಸುತ್ತಿದೆಯೆಂದು ನಾಚಿ, ಈ ಸಲ ದಂಡ ತೆರುವವಳಂತೆ ಒಂದು ಡಬ್ಬಿ ಕೋಡುಬಳೆಯನ್ನೂ ಕರಿದು ತಂದಿದ್ದಳು.

"ಹೇಗಿದೆಯಮ್ಮಾ ಹೊಸ ಮಾತ್ರೆ?" ಎಂದರು ಡಾಕ್ಟರು.

ಆ ಮುಖವನ್ನು ಇನ್ನೊಮ್ಮೆ ಬಾಡಿಸಲು ಅವಳಿಗೆ ಮನಸ್ಸು ಬರಲಿಲ್ಲ.

"ಅಯ್ಯೋ, ಕೇಳ್ಬೇಡಿ ಡಾಕ್ಟ್ರೇ! ದಿಂಬಿಗೆ ತಲೆ ಕೊಟ್ಟದ್ದೊಂದೇ ಗೊತ್ತು. ಬೆಳಿಗ್ಗೆ ಹಾಲಿನವನು ಬಾಗಿಲು ಬಡಿದು ಎಬ್ಬಿಸ್ಬೇಕಾಯ್ತು."

"ನಿಜವಾಗ್ಲೂ?"

"ದೇವ್ರಾಣೆ! ಎಲ್ಲಾ ನಿಮ್ಮ ಕೈಗುಣ."

ಡಾಕ್ಟರು ನಗುತ್ತಾರೆಂದು ಕಾದಳು. ಅವರು ಕನ್ನಡಕ ತೆಗೆದು ಕೆಂಪಗಿದ್ದ ಕಣ್ಣುಗಳನ್ನು ಉಜ್ಜಿಕೊಂಡರು.

"ನಾನೂ ಇದನ್ನೇ ನುಂಗ್ತಿದ್ದೀನಮ್ಮಾ, ಒಂದು ರಾತ್ರಿಯೂ ಕಣ್ಣು ಹತ್ತಿಲ್ಲ. ಮಾತ್ರೇನೇ ಸರಿಯಿಲ್ಲ ಅಂತ ಇಷ್ಟು ದಿನ ಸಮಾಧಾನ ಮಾಡ್ಕೊಂಡಿದ್ದೆ," ಎಂದರು. "ಹಾಗಾದ್ರೆ ತಪ್ಪು ನನ್ನಲ್ಲೇ ಇದೆ."