ಚಂದ್ರನ ಲೆಕ್ಕದ ಎಪ್ಪತ್ತು

ಖರ್ಜೂರದ ಮರ ಹತ್ತಲು ಖಲ್ಫಾನ್ ಸೊಂಟಕ್ಕೆ ಹಗ್ಗ ಬಿಗಿಯುತ್ತಿದ್ದಾಗ ಹೆಂಡತಿ ಝುವೈನಾ ಓಡಿಬಂದು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಬೇಡ. ಹತ್ತೋದಾದ್ರೆ ನನ್ನನ್ನೂ ಕಟ್ಕೊಂಡೇ ಹತ್ತಿ."

"ನಿನ್ನನ್ನ ಕಟ್ಕೊಂಡ್ರೆ ಮರಾನೇ ಬೀಳುತ್ತೆ ಕಣೇ," ಎಂದು ಅವನು ನಕ್ಕ. ಅವಳು ನಗಲಿಲ್ಲ. ಹತ್ತು ವರ್ಷದ ಹಿಂದೆ ಅವನು ಆಸ್ಪತ್ರೆಯಲ್ಲಿ ಜ್ವರದಿಂದ ಬೇಯುತ್ತಿದ್ದಾಗ, ಎಪ್ಪತ್ತರವರೆಗಾದರೂ ಇವರನ್ನು ಉಳಿಸು ಎಂದು ಅಲ್ಲಾಹನನ್ನು ಬೇಡಿದ್ದಳು. ಈ ಮೊಹರಂ ತಿಂಗಳಿಗೆ ಅವನಿಗೆ ಎಪ್ಪತ್ತು ತುಂಬಿತ್ತು. ಯಾರಿಗೂ ಹೇಳಿರದ ಆ ಬೇಡಿಕೆಯನ್ನು ಈಗ ಅಳುತ್ತಲೇ ಹೇಳಿಬಿಟ್ಟಳು.

ಬುಟ್ಟಿ ಹಿಡಿದು ನಿಂತಿದ್ದ ಮಗಳು ರಯ್ಯಾ ಫೋನಿನಲ್ಲಿ ಅಪ್ಪನ ಹುಟ್ಟಿದ ತಾರೀಖನ್ನು ಇಂಗ್ಲಿಷ್ ಕ್ಯಾಲೆಂಡರಿಗೆ ಬದಲಿಸಿ ನೋಡಿದಳು. "ಉಮ್ಮಾ, ಚಂದ್ರನ ವರ್ಷ ಹನ್ನೊಂದು ದಿನ ಚಿಕ್ಕದಲ್ವಾ? ಸೂರ್ಯನ ಲೆಕ್ಕದಲ್ಲಿ ಅಬ್ಬನಿಗಿನ್ನೂ ಅರವತ್ತೆಂಟೂ ತುಂಬಿಲ್ಲ. ಎರಡು ವರ್ಷಕ್ಕಿಂತ ಜಾಸ್ತಿ ಇದೆ."

"ನಾನು ಕೇಳಿದ್ದು ಅಲ್ಲಾಹನನ್ನ, ನಿನ್ನ ಫೋನನ್ನಲ್ಲ. ಉಪವಾಸ ಹಿಡಿಯೋದು ಚಂದ್ರನ್ನ ನೋಡಿ, ಆಯುಸ್ಸು ಕೇಳೋದು ಸೂರ್ಯನ್ನ ನೋಡಿಯೇನೇ?"

ಖಲ್ಫಾನ್ ಹಗ್ಗ ಬಿಚ್ಚಿದ. ಅವಳನ್ನು ಮರದ ಬುಡದಲ್ಲಿ ಕೂರಿಸಿ ತಾನೂ ಪಕ್ಕದಲ್ಲಿ ಕುಳಿತ. "ಎಪ್ಪತ್ತು ಕೇಳಿದ್ಯಾ?" ಎಂದ. "ಆಸ್ಪತ್ರೆಯ ಆ ರಾತ್ರಿ ನಾನು ಕೇಳಿದ್ದು ಒಂದೇ ಒಂದು ಬೆಳಗು. ಆಮೇಲೆ ಸಿಕ್ಕಿದ್ದೆಲ್ಲ ನೀನು ಕೇಳಿ ಕೊಡಿಸಿದ್ದು ಕಣೇ. ಇವಳ ಮದುವೆ, ಮೊಮ್ಮಗು, ಎಲ್ಲಾ."

ಝುವೈನಾ ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡಳು.

"ಹಾಗಾದ್ರೆ ಇನ್ನೊಂದ್ಸಲ ಕೇಳ್ತೀನಿ," ಎಂದಳು. "ಈ ಸಲ ಸಂಖ್ಯೆ ಹೇಳಲ್ಲ."